ಫೋರ್ತ್ ಸೇತುವೆ ದಾಟಿದ ಚಾಲಕರಹಿತ ಬಸ್ಸು: ಎಬಿ1 ಸೇವೆಯ ವಿಮರ್ಶೆ

ಸ್ಕಾಟ್ಲೆಂಡಿನ ಫೈಫ್ ಭಾಗದಲ್ಲಿರುವ ಫೆರಿಟೋಲ್ ಪಾರ್ಕ್ ಅಂಡ್ ರೈಡ್ (ಕಾರು ನಿಲ್ಲಿಸಿ ಬಸ್ಸು ಹತ್ತುವ) ನಿಲ್ದಾಣದಿಂದ ಹೊರಟು, ಫೋರ್ತ್ ರಸ್ತೆ ಸೇತುವೆಯನ್ನು ದಾಟಿ, ಎಡಿನ್‌ಬರೋ ನಗರದ ಪಶ್ಚಿಮದ ಅಂಚಿನಲ್ಲಿರುವ ಎಡಿನ್‌ಬರೋ ಪಾರ್ಕ್ ನಿಲ್ದಾಣವನ್ನು ಮುಟ್ಟುತ್ತಿದ್ದ ಎಬಿ1 ಎಂಬ ಬಸ್ಸು 2023ರ ಮೇ 15ರಂದು ಶುರುವಾಗಿ 2025ರ ಫೆಬ್ರುವರಿ 14ರಂದು ನಿಂತಿತು. ಕ್ಯಾವ್‌ಫೋರ್ತ್ ಎಂಬ ಯೋಜನೆಯ ಅಡಿಯಲ್ಲಿ ಓಡಿದ ಈ ಬಸ್ಸಿನ ಸ್ಟೀರಿಂಗ್, ಬ್ರೇಕ್ ಮತ್ತು ವೇಗವನ್ನು ಕಂಪ್ಯೂಟರ್ ನಿಯಂತ್ರಿಸುತ್ತಿತ್ತು. ಆ 21 ತಿಂಗಳಲ್ಲಿ ನಾನು ಇದರಲ್ಲಿ ಹಲವು ಬಾರಿ ಪ್ರಯಾಣ ಮಾಡಿದ್ದೇನೆ. ಕೆಲವು ಸಲ ಕೆಲಸವಿದ್ದು, ಹೆಚ್ಚಿನ ಸಲ ಕುತೂಹಲದಿಂದ. ಈ ಎರಡರ ನಡುವಿನ ವ್ಯತ್ಯಾಸವೇ ನಾನು ಹೇಳಬೇಕಾಗಿರುವ ಮಾತಿನ ತಿರುಳು ಎಂಬುದು ಬರೆಯಲು ಕುಳಿತ ಮೇಲೆ ನನಗೆ ಸ್ಪಷ್ಟವಾಯಿತು.

ನಿಂತುಹೋದ ಸೇವೆಯನ್ನು ಈಗ ವಿಮರ್ಶಿಸುವುದಕ್ಕೆ ಕಾರಣವಿದೆ. ಇದು ಖಾಸಗಿ ಮೈದಾನದಲ್ಲಿ ನಡೆದ ಪ್ರದರ್ಶನವಾಗಿರಲಿಲ್ಲ. ಬ್ರಿಟನ್ ಸರ್ಕಾರ 40 ಲಕ್ಷ ಪೌಂಡ್‌ಗಿಂತ ಹೆಚ್ಚು ಹಣ ಕೊಟ್ಟು, ಸ್ಕಾಟ್ಲೆಂಡಿನ ಸಾರಿಗೆ ಇಲಾಖೆಯೂ ಕೈಜೋಡಿಸಿ, ನಿತ್ಯದ ವಾಹನಗಳು ಓಡಾಡುವ ರಸ್ತೆಯಲ್ಲಿ ನಿತ್ಯದ ಪ್ರಯಾಣಿಕರನ್ನು ಕೂರಿಸಿಕೊಂಡು ನಡೆದ ಪ್ರಯೋಗ ಇದು. ಇಂಥ ಪ್ರಯೋಗಗಳ ಬಗ್ಗೆ ತಂತ್ರಜ್ಞಾನ ತಯಾರಿಸಿದವರ ಮಾತು ಎಲ್ಲೆಡೆ ಸಿಗುತ್ತದೆ. ಕಿಟಕಿಯ ಪಕ್ಕದ ಸೀಟಿನಲ್ಲಿ ಕುಳಿತು ಹೋದವರ ಮಾತು ಸಿಗುವುದು ಅಪರೂಪ.

ಮೊದಲು ಬಸ್ಸಿನ ವಿಷಯ. ಚಾಲಕರಹಿತ ಬಸ್ಸು ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಗಾಜಿನ ಪೆಟ್ಟಿಗೆಯಂತಹ, ಹತ್ತು ಹದಿನೈದು ಜನ ಹಿಡಿಯುವ, ಸ್ಟೀರಿಂಗೇ ಇಲ್ಲದ ಪುಟ್ಟ ಶಟಲ್ ಗಾಡಿ. ಎಬಿ1 ಆ ಜಾತಿಯದಲ್ಲ. ಸ್ಕಾಟ್ಲೆಂಡಿನವರೇ ಆದ ಅಲೆಕ್ಸಾಂಡರ್ ಡೆನ್ನಿಸ್ ಕಂಪನಿ ತಯಾರಿಸುವ ಎನ್ವಿರೋ200 ಎಂಬ ಮಾಮೂಲಿ ಒಂದಂತಸ್ತಿನ ಬಸ್ಸಿಗೆ, ಬ್ರಿಸ್ಟಲ್‌ನ ಫ್ಯೂಷನ್ ಪ್ರೊಸೆಸಿಂಗ್ ಕಂಪನಿಯ ಕ್ಯಾವ್‌ಸ್ಟಾರ್ ಎಂಬ ವ್ಯವಸ್ಥೆಯನ್ನು ಅಳವಡಿಸಿದ್ದರು. ಇಂಥ ಐದು ಬಸ್ಸುಗಳಿದ್ದವು. ಸೇವೆಯನ್ನು ನಡೆಸಿದ್ದು ಸ್ಟೇಜ್‌ಕೋಚ್. ಕ್ಯಾಮೆರಾ ಕಂಡದ್ದನ್ನು ರಾಡಾರ್ ಅಳೆದದ್ದರ ಜೊತೆಗೆ, ರಾಡಾರ್ ಅಳೆದದ್ದನ್ನು ಲೇಸರ್ ಕಿರಣದಿಂದ ದೂರ ಗುರುತಿಸುವ ಲೈಡಾರ್‌ನ ಲೆಕ್ಕದ ಜೊತೆಗೆ ತಾಳೆ ನೋಡಿ, ಉಪಗ್ರಹದಿಂದ ತಾನಿರುವ ಜಾಗವನ್ನೂ ತಿಳಿದುಕೊಂಡು, ಮುಂದೆ ಹೋಗಬೇಕೇ ನಿಲ್ಲಬೇಕೇ ಎಂಬುದನ್ನು ಆ ವ್ಯವಸ್ಥೆ ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತಿತ್ತು. ಒಂದು ಸಾಧನಕ್ಕೆ ಮಂಜಿನಲ್ಲೋ ಎದುರು ಬಿಸಿಲಿನಲ್ಲೋ ಕಣ್ಣು ಕತ್ತಲಾದರೆ ಇನ್ನೊಂದು ಕೈಹಿಡಿಯಬೇಕು ಎಂಬುದು ಇಷ್ಟೊಂದು ಸಾಧನಗಳನ್ನು ಒಟ್ಟಿಗೆ ಇಡುವುದರ ಉದ್ದೇಶ. ಫೋರ್ತ್ ನದಿಮುಖದ ಹವಾಮಾನದಲ್ಲಿ ಅದು ಅತಿಯಾದ ಎಚ್ಚರಿಕೆಯೇನೂ ಅಲ್ಲ.

ಮಾರ್ಗದ ಉದ್ದ 14 ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್. ಗರಿಷ್ಠ ವೇಗ ಗಂಟೆಗೆ 80 ಕಿಲೋಮೀಟರ್. ಈ ಎರಡು ಅಂಕಿಗಳ ಬೆಲೆ ತಿಳಿಯಬೇಕಾದರೆ ಇದಕ್ಕೂ ಮುಂಚಿನ ಪ್ರಯೋಗಗಳನ್ನು ನೆನೆಯಬೇಕು. ಸ್ವಿಟ್ಜರ್ಲೆಂಡಿನ ಸಿಯೋನ್ ಪಟ್ಟಣದಲ್ಲಿ 2016ರ ಜೂನ್‌ನಲ್ಲಿ ಅಲ್ಲಿನ ಪೋಸ್ಟ್‌ಬಸ್ ಸಂಸ್ಥೆ ಫ್ರಾನ್ಸಿನ ನಾವ್ಯಾ ಕಂಪನಿಯ ಎರಡು ಪುಟ್ಟ ಶಟಲ್‌ಗಳನ್ನು ಹಳೆಯ ಪೇಟೆಯ ಬೀದಿಗಳಿಗೆ ಇಳಿಸಿದಾಗ ಅವುಗಳ ವೇಗ ಗಂಟೆಗೆ 20 ಕಿಲೋಮೀಟರ್ ಮೀರುತ್ತಿರಲಿಲ್ಲ, ಸುತ್ತುವ ದೂರವೂ ಒಂದೆರಡು ಕಿಲೋಮೀಟರ್ ಮಾತ್ರ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವುಗಳಲ್ಲೊಂದು, ನಿಂತಿದ್ದ ಒಂದು ವ್ಯಾನಿನ ತೆರೆದಿದ್ದ ಹಿಂಬಾಗಿಲಿಗೆ ತಗುಲಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೂ ಸೇವೆಯನ್ನು ಕೆಲಕಾಲ ನಿಲ್ಲಿಸಿ ಪರಿಶೀಲಿಸಿದರು. ಜಗತ್ತಿನ ಹತ್ತಾರು ಊರುಗಳಲ್ಲಿ ಓಡಿದ ಈ ಪುಟ್ಟ ಗಾಡಿಗಳಿಗೆ ಒಂದು ಸಾಮಾನ್ಯ ಗುಣವಿತ್ತು: ಮೊದಲೇ ಅಳೆದು ನಕ್ಷೆ ಮಾಡಿಟ್ಟ ದಾರಿಯ ಮೇಲೆ, ಕಣ್ಣಿಗೆ ಕಾಣದ ಹಳಿಯ ಮೇಲೆ ಹೋಗುವಂತೆ, ಅವು ಹೋಗುತ್ತಿದ್ದವು. ದಾರಿಗೆ ಅಡ್ಡವಾಗಿ ಯಾರಾದರೂ ಕಾರು ನಿಲ್ಲಿಸಿದ್ದರೆ ಅಲ್ಲಿಯೇ ನಿಂತು, ಒಳಗಿದ್ದ ಸಿಬ್ಬಂದಿ ಕೈಯಲ್ಲಿ ಹಿಡಿಯುವ ನಿಯಂತ್ರಕದಿಂದ ಸುತ್ತಿಸಿಕೊಂಡು ಹೋಗುವವರೆಗೆ ಕಾಯುತ್ತಿದ್ದವು. ಅಂಥವುಗಳ ನಂತರ, ಮೋಟಾರ್‌ವೇಯಲ್ಲಿ ಲಾರಿಗಳ ನಡುವೆ ಪೂರ್ಣ ಗಾತ್ರದ ಬಸ್ಸೊಂದು ಬಸ್ಸಿನ ವೇಗದಲ್ಲೇ ಹೋಗುವುದು ದೊಡ್ಡ ಹೆಜ್ಜೆ. ಇದನ್ನು ಮುಂದೆ ನಾನು ಎಷ್ಟೇ ಟೀಕಿಸಿದರೂ ಆ ಹೆಜ್ಜೆಯ ಗಾತ್ರವನ್ನು ಕಡಿಮೆ ಮಾಡಿ ಹೇಳಲಾರೆ.

ಪ್ರಯಾಣದ ಅನುಭವವಂತೂ ಚೆನ್ನಾಗಿಯೇ ಇತ್ತು. ಸೇತುವೆಯ ಭಾಗವನ್ನು ನಾನು ಎಂದಿಗೂ ಮರೆಯುವುದಿಲ್ಲ. 1964ರಲ್ಲಿ ತೆರೆದ, ಎರಡೂವರೆ ಕಿಲೋಮೀಟರ್ ಉದ್ದದ ಈ ತೂಗುಸೇತುವೆಯ ಒಂದು ಪಕ್ಕಕ್ಕೆ 1890ರ ಕೆಂಪು ಬಣ್ಣದ ರೈಲು ಸೇತುವೆ, ಇನ್ನೊಂದು ಪಕ್ಕಕ್ಕೆ 2017ರಲ್ಲಿ ತೆರೆದ ಕ್ವೀನ್ಸ್‌ಫೆರಿ ಕ್ರಾಸಿಂಗ್. ಹೊಸ ಸೇತುವೆ ಬಂದ ಮೇಲೆ ಕಾರುಗಳೆಲ್ಲ ಅತ್ತ ಹೋಗಿ, ಹಳೆಯ ರಸ್ತೆ ಸೇತುವೆ ಬಸ್ಸು, ಟ್ಯಾಕ್ಸಿ, ಸೈಕಲ್ ಮತ್ತು ಪಾದಚಾರಿಗಳ ದಾರಿಯಾಗಿ ಉಳಿದುಕೊಂಡಿದೆ. ಹಾಗಾಗಿ ಅಲ್ಲಿ ಬಸ್ಸು ನಿಶ್ಚಿಂತೆಯಿಂದ, ಗೆರೆ ಎಳೆದಂತೆ ಹೋಗುತ್ತಿತ್ತು. ನಿಜವಾದ ಪರೀಕ್ಷೆ ಇರುತ್ತಿದ್ದದ್ದು ಸೇತುವೆ ಇಳಿದ ಮೇಲೆ: ಮೋಟಾರ್‌ವೇಗೆ ಸೇರಿಕೊಳ್ಳುವ ಜಾಗದಲ್ಲಿ, ರೌಂಡ್‌ಅಬೌಟ್‌ಗಳಲ್ಲಿ, ನಗರದ ಅಂಚಿನ ಸಿಗ್ನಲ್‌ಗಳಲ್ಲಿ. ಬ್ರಿಟನ್ನಿನ ರೌಂಡ್‌ಅಬೌಟ್‌ಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಆದರೆ ಬಿಡುತ್ತಲೇ ಕುಳಿತರೆ ಹಿಂದಿನವರ ತಾಳ್ಮೆ ಕೆಡುತ್ತದೆ. ಎಷ್ಟು ಅಂತರ ಸಿಕ್ಕರೆ ಒಳಗೆ ನುಗ್ಗಬಹುದು ಎಂಬುದನ್ನು ಮನುಷ್ಯ ಚಾಲಕರು ಎದುರಿನವರ ಕಣ್ಣು, ಗಾಡಿಯ ವಾಲು, ವೇಗದ ಏರಿಳಿತ ನೋಡಿ ಅಂದಾಜಿಸುತ್ತಾರೆ. ಯಂತ್ರಕ್ಕೆ ಕಣ್ಣಿನ ಭಾಷೆ ತಿಳಿಯುವುದಿಲ್ಲ. ಅದು ದೂರವನ್ನೂ ವೇಗವನ್ನೂ ಅಳೆದು ನಿರ್ಧರಿಸುತ್ತದೆ. ಹಾಗಿದ್ದೂ ನಾನು ಹೋದ ದಿನಗಳಲ್ಲಿ ಅದು ತೆಗೆದುಕೊಂಡ ತಿರುವುಗಳು ಹದವಾಗಿಯೇ ಇದ್ದವು. ನಿಂತುಕೊಂಡು ಹೋಗುವವರು ಕಂಬ ಹಿಡಿದುಕೊಂಡರೆ ಸಾಕು ಎನ್ನುವಷ್ಟು.

ಚಾಲಕರ ಸೀಟಿನಲ್ಲಿ ಒಬ್ಬರು ಕುಳಿತಿರುತ್ತಿದ್ದರು. ಸ್ಟೀರಿಂಗ್ ತಾನಾಗಿಯೇ ತಿರುಗುತ್ತಿದ್ದಾಗ ಅವರ ಕೈಗಳು ಅದರ ಪಕ್ಕದಲ್ಲೇ, ಮುಟ್ಟದೆ, ಸಿದ್ಧವಾಗಿರುತ್ತಿದ್ದವು. ಅವರಲ್ಲದೆ ಪ್ರಯಾಣಿಕರ ನಡುವೆ ಓಡಾಡುತ್ತ, ಪ್ರಶ್ನೆಗಳಿಗೆ ಉತ್ತರಿಸುತ್ತ, ಕ್ಯಾಪ್ಟನ್ ಎಂದು ಕರೆಯಲಾಗುತ್ತಿದ್ದ ಇನ್ನೊಬ್ಬ ಸಿಬ್ಬಂದಿ ಇರುತ್ತಿದ್ದರು. ಮುಂದೆ ಎಂದಾದರೂ ಚಾಲಕರು ಕ್ಯಾಬಿನ್ ಬಿಟ್ಟು ಪ್ರಯಾಣಿಕರ ಬಳಿಗೇ ಬರುವ ಕಾಲ ಬಂದರೆ ಬಸ್ಸು ಹೇಗಿರಬಹುದು ಎಂಬುದನ್ನು ತೋರಿಸುವುದು ಈ ಏರ್ಪಾಡಿನ ಗುರಿಯಾಗಿತ್ತು.

2023ರ ಬೇಸಿಗೆಯಲ್ಲಿ ನಮ್ಮ ತಾಯಿ ಶಿವಮೊಗ್ಗದಿಂದ ಬಂದಿದ್ದಾಗ ಅವರನ್ನು ಈ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಮೂವತ್ತು ವರ್ಷ ಸಾಗರದ ಕಡೆಯ ಬಸ್ಸುಗಳಲ್ಲಿ ಶಾಲೆಗೆ ಓಡಾಡಿದ ನಿವೃತ್ತ ಶಿಕ್ಷಕಿ ಅವರು. ಸೇತುವೆಯ ಮೇಲೆ ಸ್ಟೀರಿಂಗ್ ತಾನಾಗಿ ಅಲ್ಲಾಡುವುದನ್ನು ಬಹಳ ಹೊತ್ತು ನೋಡಿ, ಆಮೇಲೆ ಕ್ಯಾಪ್ಟನ್ ಕಡೆಗೆ ತಿರುಗಿ, ನನ್ನ ಕಿವಿಯಲ್ಲಿ, "ಡ್ರೈವರೂ ಇದ್ದಾರೆ, ಕಂಡಕ್ಟರೂ ಇದ್ದಾರೆ. ನಮ್ಮೂರಿನ ಬಸ್ಸಿನ ಹಾಗೇ ಇದೆಯಲ್ಲೋ" ಎಂದರು. ನಾನು ಆಗ ತಂತ್ರಜ್ಞಾನದ ಹಂತಗಳನ್ನು ವಿವರಿಸಲು ಹೊರಟೆ. ಆದರೆ ಅವರು ಹೇಳಿದ್ದು ಈ ಸೇವೆಯ ಲೆಕ್ಕಾಚಾರದ ಬಹುಮುಖ್ಯ ಸಂಗತಿ. ಬ್ರಿಟನ್ನಿನ ಬಸ್ಸುಗಳಲ್ಲಿ ಕಂಡಕ್ಟರು ಇಲ್ಲದಾಗಿ ದಶಕಗಳೇ ಕಳೆದಿವೆ, ಚಾಲಕರೊಬ್ಬರೇ ಟಿಕೆಟ್ಟನ್ನೂ ನೋಡಿಕೊಳ್ಳುತ್ತಾರೆ. ಒಬ್ಬರಿಂದ ನಡೆಯುತ್ತಿದ್ದ ಕೆಲಸಕ್ಕೆ ಚಾಲಕರಹಿತ ಬಸ್ಸಿನಲ್ಲಿ ಇಬ್ಬರು ಬೇಕಾದರು. ಪ್ರಯೋಗದ ಹಂತದಲ್ಲಿ ಇದು ತಪ್ಪಲ್ಲ. ಬ್ರಿಟನ್ನಿನ ಅಂದಿನ ನಿಯಮದ ಪ್ರಕಾರ ಯಾವ ಕ್ಷಣದಲ್ಲಾದರೂ ಹಿಡಿತ ತೆಗೆದುಕೊಳ್ಳಬಲ್ಲ ಮನುಷ್ಯರು ಇರಲೇಬೇಕಿತ್ತು. ಚಾಲಕರಿಲ್ಲದ ವಾಹನಗಳಿಗೆ ದಾರಿ ಮಾಡಿಕೊಡುವ ಕಾಯ್ದೆಗೆ ಅಲ್ಲಿ ಅಂಕಿತ ಬಿದ್ದದ್ದೇ 2024ರ ಮೇ 20ರಂದು. ಆದರೂ, ಟಿಕೆಟ್ಟಿನ ಹಣದಿಂದ ಇಂಥ ಸೇವೆ ತನ್ನ ಕಾಲ ಮೇಲೆ ನಿಲ್ಲುವ ಸಾಧ್ಯತೆ ಆರಂಭದಿಂದಲೇ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಸುರಕ್ಷತಾ ಚಾಲಕರ ಕೆಲಸದ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಇದು ನನ್ನನ್ನು ಪ್ರತಿ ಪ್ರಯಾಣದಲ್ಲೂ ಕಾಡಿದ ವಿಷಯ. ಬಸ್ಸು ಓಡಿಸುವವರಿಗೆ ಕೈಕಾಲುಗಳಿಗೆ ಕೆಲಸವಿರುತ್ತದೆ, ಆ ಕೆಲಸವೇ ಗಮನವನ್ನು ಹಿಡಿದಿಡುತ್ತದೆ. ಏನೂ ಮಾಡದೆ, ಆದರೆ ಎಲ್ಲವನ್ನೂ ನೋಡುತ್ತ, ಅರ್ಧ ಸೆಕೆಂಡಿನಲ್ಲಿ ಎಲ್ಲವನ್ನೂ ಕೈಗೆತ್ತಿಕೊಳ್ಳಲು ಸಿದ್ಧರಾಗಿ ಕುಳಿತಿರುವುದು ಅದಕ್ಕಿಂತ ಕಠಿಣ. 2017ರ ನವೆಂಬರ್ 8ರಂದು ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆದ ಘಟನೆ ಇದಕ್ಕೆ ತಕ್ಕ ಪಾಠ. ಅಂದು ಜನರಿಗೆ ತೆರೆದ ಮೊದಲ ದಿನವೇ ಅಲ್ಲಿನ ನಾವ್ಯಾ ಶಟಲ್‌ನ ಮುಂದೆ, ಓಣಿಯೊಳಗೆ ಹಿಂದಕ್ಕೆ ಸರಿಯುತ್ತಿದ್ದ ಲಾರಿಯೊಂದು ಬಂತು. ಶಟಲ್ ಅದನ್ನು ಗುರುತಿಸಿ ನಿಂತಿತು. ಲಾರಿ ನಿಲ್ಲಲಿಲ್ಲ, ಅದರ ಮುಂದಿನ ಚಕ್ರ ಶಟಲ್‌ಗೆ ಉಜ್ಜಿತು. ಯಾರಿಗೂ ಗಾಯವಾಗಲಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ 2019ರಲ್ಲಿ ವರದಿ ಕೊಟ್ಟಾಗ, ಶಟಲ್ ತಕ್ಕಷ್ಟು ದೂರದಲ್ಲಿ ನಿಂತುಕೊಳ್ಳುತ್ತದೆ ಎಂದು ಭಾವಿಸಿ ಮುಂದುವರಿದ ಲಾರಿ ಚಾಲಕರ ನಡೆಯನ್ನು ಮುಖ್ಯ ಕಾರಣವೆಂದಿತು. ಅದರ ಜೊತೆಗೆ, ಒಳಗಿದ್ದ ಸಿಬ್ಬಂದಿಗೆ ಕೈನಿಯಂತ್ರಕ ಸುಲಭವಾಗಿ ಎಟುಕುವಂತಿರಲಿಲ್ಲ ಎಂಬುದನ್ನೂ ಎತ್ತಿ ಹೇಳಿತು. ಮನುಷ್ಯ ಚಾಲಕರಾಗಿದ್ದರೆ ಹಾರನ್ ಒತ್ತುತ್ತಿದ್ದರು ಅಥವಾ ತುಸು ಹಿಂದಕ್ಕೆ ಸರಿಯುತ್ತಿದ್ದರು. ನಿಯಮದ ಪ್ರಕಾರ ನಿಂತದ್ದು ಸರಿ, ಆದರೆ ರಸ್ತೆಯಲ್ಲಿ ನಿಲ್ಲುವುದೊಂದೇ ಸಾಲದು.

ಈ ದೃಷ್ಟಿಯಿಂದ ಎಬಿ1ರ ಏರ್ಪಾಡು ಬಹಳ ಉತ್ತಮವಾಗಿತ್ತು. ಪೂರ್ಣ ತರಬೇತಿ ಪಡೆದ ಬಸ್ ಚಾಲಕರೇ, ನಿಜವಾದ ಚಾಲಕರ ಸೀಟಿನಲ್ಲಿ, ನಿಜವಾದ ಸ್ಟೀರಿಂಗ್ ಮತ್ತು ಪೆಡಲ್‌ಗಳ ಮುಂದೆ ಕುಳಿತಿರುತ್ತಿದ್ದರು. ಪ್ರಯಾಣಿಕರ ಮಾತಿಗೆ ಉತ್ತರಿಸುವ ಹೊರೆ ಕ್ಯಾಪ್ಟನ್ ಮೇಲಿದ್ದುದರಿಂದ ಚಾಲಕರ ಗಮನ ಚದುರುತ್ತಿರಲಿಲ್ಲ. ಹಾಗಾಗಿ ಇಬ್ಬರು ಸಿಬ್ಬಂದಿಯ ಖರ್ಚನ್ನು ನಾನು ದಂಡವೆಂದು ಭಾವಿಸುವುದಿಲ್ಲ. ಜೀವಂತ ಪ್ರಯಾಣಿಕರನ್ನು ಕೂರಿಸಿಕೊಂಡು ಪ್ರಯೋಗ ಮಾಡುವವರು ಕೊಡಲೇಬೇಕಾದ ಬೆಲೆ ಅದು.

ಈಗ ಮಾರ್ಗದ ವಿಷಯಕ್ಕೆ ಬರುತ್ತೇನೆ. ನನ್ನ ಮುಖ್ಯ ಅಸಮಾಧಾನ ಇರುವುದು ಇಲ್ಲಿ.

ಸೇವೆ ಶುರುವಾದಾಗ ವಾರಕ್ಕೆ ಸುಮಾರು 10,000 ಪ್ರಯಾಣಿಕರನ್ನು ಸಾಗಿಸುವ ಸಾಮರ್ಥ್ಯ ಇದಕ್ಕಿದೆ ಎಂದು ಹೇಳಲಾಗಿತ್ತು. ನಿಲ್ಲಿಸುವ ತೀರ್ಮಾನವನ್ನು ಪ್ರಕಟಿಸಿದಾಗ ಸ್ಟೇಜ್‌ಕೋಚ್ ಕೊಟ್ಟ ಕಾರಣ, ಸಾಕಷ್ಟು ಪ್ರಯಾಣಿಕರು ಬರಲಿಲ್ಲ ಎಂಬುದು. ಜನರಿಗೆ ಯಂತ್ರದ ಮೇಲೆ ನಂಬಿಕೆಯಿಲ್ಲ, ಹೆದರಿ ಹತ್ತಲಿಲ್ಲ ಎಂದು ಕೆಲವರು ಇದಕ್ಕೆ ಅರ್ಥ ಹಚ್ಚಿದ್ದನ್ನು ಕೇಳಿದ್ದೇನೆ. ನಾನು ಕಂಡದ್ದು ಹಾಗಿರಲಿಲ್ಲ. ಹತ್ತಿದವರಲ್ಲಿ ಹೆದರಿದವರನ್ನು ನಾನು ಒಬ್ಬರನ್ನೂ ನೋಡಲಿಲ್ಲ. ಮೊದಲ ಐದು ನಿಮಿಷ ಸ್ಟೀರಿಂಗನ್ನೇ ನೋಡುತ್ತಿದ್ದವರು ಆಮೇಲೆ ಎಲ್ಲರಂತೆ ಫೋನು ನೋಡತೊಡಗುತ್ತಿದ್ದರು. ಅಷ್ಟು ಬೇಗ ಅದು ಮಾಮೂಲಾಗುತ್ತಿತ್ತು. ಹತ್ತದವರು ಹತ್ತದಿದ್ದದ್ದಕ್ಕೆ ಕಾರಣ, ಆ ಬಸ್ಸು ಹೋಗುವ ಕಡೆಗೆ ಅವರು ಹೋಗಬೇಕಾಗಿರಲಿಲ್ಲ ಎಂಬುದಷ್ಟೇ.

ಫೈಫ್ ಕಡೆಯಿಂದ ಎಡಿನ್‌ಬರೋಗೆ ಹೋಗುವವರಲ್ಲಿ ಬಹಳ ಜನರಿಗೆ ಬೇಕಾದದ್ದು ನಗರದ ಮಧ್ಯಭಾಗ. ಅಲ್ಲಿಗೆ ನೇರ ಬಸ್ಸುಗಳು ಮೊದಲಿನಿಂದಲೂ ಇವೆ. ಎಬಿ1 ಮುಟ್ಟಿಸುತ್ತಿದ್ದದ್ದು ನಗರದ ಅಂಚಿನ ಕಚೇರಿಗಳ ಸಮುಚ್ಚಯದ ಪಕ್ಕದ ನಿಲ್ದಾಣಕ್ಕೆ. ಅಲ್ಲಿಂದ ಮುಂದೆ ಟ್ರಾಮ್ ಅಥವಾ ರೈಲು ಹಿಡಿಯಬೇಕು. ಆ ಕಚೇರಿಗಳಿಗೇ ಹೋಗುವವರಿಗಾದರೂ ಇದು ಅನುಕೂಲವಲ್ಲವೇ ಎಂದರೆ, ಅವರಿಗೂ ಬೇರೆ ದಾರಿಯಿತ್ತು: ಫೆರಿಟೋಲ್‌ಗೆ ಹತ್ತಿರದ ಇನ್ವರ್‌ಕೀದಿಂಗ್‌ನಲ್ಲಿ ರೈಲು ಹತ್ತಿದರೆ, ರೈಲು ಸೇತುವೆ ದಾಟಿ ಬರುವ ಫೈಫ್ ರೈಲುಗಳು ಸೌತ್ ಗೈಲ್‌ನಲ್ಲಿ ನಿಲ್ಲುತ್ತವೆ, ಅಲ್ಲಿಂದ ಆ ಕಚೇರಿಗಳಿಗೆ ನಡೆದೇ ಹೋಗಬಹುದು. ಇನ್ನು, ಯೋಜನೆಯನ್ನು ಘೋಷಿಸಿದ್ದು 2018ರಲ್ಲಿ, ಬಸ್ಸು ರಸ್ತೆಗಿಳಿದದ್ದು 2023ರಲ್ಲಿ. ನಡುವೆ ಕೋವಿಡ್ ಬಂದು, ಕಚೇರಿ ಕೆಲಸದವರ ಅಭ್ಯಾಸವೇ ಬದಲಾಯಿತು. ವಾರಕ್ಕೆ ಐದು ದಿನ ಹೋಗುತ್ತಿದ್ದವರು ಎರಡು ದಿನ ಹೋಗತೊಡಗಿದರು. ಈ ಬಸ್ಸು ಯಾರಿಗಾಗಿ ಎಂದು ಮೊದಲು ಯೋಚಿಸಿದ್ದರೋ ಆ ಪ್ರಯಾಣಿಕರು, ಬಸ್ಸು ಬರುವ ಹೊತ್ತಿಗೆ ಮನೆಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದರು.

ಯಂತ್ರಕ್ಕೆ ಅನುಕೂಲವಾದ ಮಾರ್ಗವನ್ನು ಆರಿಸಿಕೊಂಡಿದ್ದಕ್ಕೆ ಕಾರಣ ಅರ್ಥವಾಗುತ್ತದೆ. ಬಸ್ಸುಗಳಿಗೆಂದೇ ಬಿಟ್ಟುಕೊಟ್ಟ ಸೇತುವೆ, ಅಗಲವಾದ ರಸ್ತೆ, ಕೆಲವೇ ನಿಲ್ದಾಣಗಳು. ಕಲಿಯುವವರಿಗೆ ಇಂಥ ದಾರಿಯೇ ಬೇಕು. ಆದರೆ ಪರೀಕ್ಷೆ ಎಂದರೆ ಬಸ್ಸಿಗೆ ರಸ್ತೆ ತಿಳಿಯುತ್ತದೆಯೇ ಎಂಬುದಷ್ಟೇ ಅಲ್ಲವಲ್ಲ. ನಿಲ್ದಾಣದಲ್ಲಿ ಕಾಯುವವರಿಗೆ ಬಸ್ಸು ಉಪಯೋಗಕ್ಕೆ ಬರುತ್ತದೆಯೇ ಎಂಬುದೂ ಪರೀಕ್ಷೆಯೇ. ಕಾಯುವವರೇ ಕಡಿಮೆ ಇರುವಲ್ಲಿ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೂ ಎರಡನೆಯದಕ್ಕೆ ಸಿಗುವುದಿಲ್ಲ. ಎರಡನೆಯದಕ್ಕೆ ಉತ್ತರ ಸಿಗದ ಕಾರಣದಿಂದಲೇ ಈ ಸೇವೆ ನಿಂತಿತು.

ಬೇರೆ ಕಡೆ ಬೇರೆ ರೀತಿಯಲ್ಲಿ ಮಾಡಿದವರಿದ್ದಾರೆ. ಜಪಾನಿನ ಫುಕುಯಿ ಪ್ರಾಂತ್ಯದ ಎಇಹೇಜಿ ಎಂಬ ಊರಿನಲ್ಲಿ, ಹಳೆಯ ರೈಲುಹಳಿ ಕಿತ್ತುಹಾಕಿದ ದಾರಿಯ ಸುಮಾರು 2 ಕಿಲೋಮೀಟರ್ ಉದ್ದಕ್ಕೆ, ಗಾಲ್ಫ್ ಮೈದಾನದ ಗಾಡಿಯಂತಹ ಏಳು ಸೀಟಿನ ವಾಹನಗಳು 2023ರ ಮೇ ತಿಂಗಳಿನಿಂದ ಚಾಲಕರಿಲ್ಲದೆ ಓಡತೊಡಗಿದವು. ವೇಗ ಗಂಟೆಗೆ 12 ಕಿಲೋಮೀಟರ್ ಮಾತ್ರ. ದೂರದಲ್ಲಿ ಕುಳಿತ ಒಬ್ಬರೇ ಮೂರು ಗಾಡಿಗಳನ್ನು ಗಮನಿಸಬಲ್ಲರು. ನೋಡುವುದಕ್ಕೆ ಎಬಿ1ರ ಮುಂದೆ ಇದು ಆಟಿಕೆ. ಅಲ್ಲಿಯೂ ಎಡವಿದ್ದುಂಟು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಒಂದು ಗಾಡಿ ದಾರಿಬದಿಯ ಸೈಕಲ್ಲಿಗೆ ತಗುಲಿ, ಸೇವೆ ತಿಂಗಳುಗಟ್ಟಲೆ ನಿಂತು, 2024ರ ಮಾರ್ಚ್‌ನಲ್ಲಿ ಮತ್ತೆ ಶುರುವಾಯಿತು. ಆದರೆ ವಯಸ್ಸಾದವರೇ ಹೆಚ್ಚಿರುವ, ಬಸ್ ಚಾಲಕರು ಸಿಗದ ಗ್ರಾಮೀಣ ಜಪಾನಿನ ಕಷ್ಟಕ್ಕೆ ನೇರವಾಗಿ ಉತ್ತರ ಹುಡುಕುವ ಪ್ರಯತ್ನ ಅದು. ಅಮೆರಿಕದ ಕೊಲಂಬಸ್ ನಗರದ ಲಿಂಡೆನ್ ಬಡಾವಣೆಯಲ್ಲಿ 2020ರ ಫೆಬ್ರುವರಿಯಲ್ಲಿ ಶುರುವಾದ ಶಟಲ್, ಎರಡೇ ವಾರಗಳಲ್ಲಿ ಹಠಾತ್ತಾಗಿ ಬ್ರೇಕ್ ಬಿದ್ದು ಪ್ರಯಾಣಿಕರೊಬ್ಬರು ಸೀಟಿನಿಂದ ಕೆಳಗೆ ಬಿದ್ದ ಮೇಲೆ ಜನರನ್ನು ಸಾಗಿಸುವುದನ್ನು ನಿಲ್ಲಿಸಿತು. ಅದೇ ವರ್ಷದ ಜುಲೈನಿಂದ ಅದೇ ಗಾಡಿಗಳು ಆ ಬಡಾವಣೆಯ ಬಡ ಕುಟುಂಬಗಳಿಗೆ ಆಹಾರದ ಪೆಟ್ಟಿಗೆಗಳನ್ನು ಸಾಗಿಸತೊಡಗಿದವು. ಜನರನ್ನು ಹೊತ್ತು ಓಡಿದ ಎರಡು ವಾರಗಳಿಗಿಂತ ಆಹಾರ ಹೊತ್ತು ಓಡಿದ ತಿಂಗಳುಗಳಲ್ಲಿ ಅವು ಆ ಊರಿಗೆ ಹೆಚ್ಚು ಉಪಕಾರ ಮಾಡಿದವು ಎಂದು ನನಗೆ ತೋರುತ್ತದೆ.

ಹಾಗೆ ನೋಡಿದರೆ ಎಬಿ1ರಲ್ಲಿ ಯಂತ್ರದ ಭಾಗಕ್ಕೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಸಿಬ್ಬಂದಿಯ ಸೌಜನ್ಯಕ್ಕೆ ಐದಕ್ಕೆ ಐದು. ಕ್ಯಾಪ್ಟನ್‌ಗಳು ದಿನಕ್ಕೆ ನೂರು ಸಲ ಕೇಳಿರಬಹುದಾದ ಪ್ರಶ್ನೆಗೂ ಮೊದಲ ಸಲ ಕೇಳಿದಂತೆ ಉತ್ತರ ಕೊಡುತ್ತಿದ್ದರು. ಮಾರ್ಗದ ಆಯ್ಕೆಗೆ ಎರಡಕ್ಕಿಂತ ಹೆಚ್ಚು ಕೊಡಲಾರೆ. ಸ್ವಚ್ಛತೆ, ಸೀಟು, ಟಿಕೆಟ್ ದರ ಎಲ್ಲವೂ ಆ ಭಾಗದ ಇತರ ಬಸ್ಸುಗಳಂತೆಯೇ ಇದ್ದುದರಿಂದ ಅವುಗಳ ಬಗ್ಗೆ ಬೇರೆ ಹೇಳುವುದೇನಿಲ್ಲ. ಬಸ್ಸು ಡೀಸೆಲ್‌ನಲ್ಲಿ ಓಡುತ್ತಿದ್ದದ್ದು ಮಾತ್ರ, ಭವಿಷ್ಯದ ಬಸ್ಸು ಎಂದು ಕರೆಸಿಕೊಂಡದ್ದಕ್ಕೆ ಒಪ್ಪುವಂತಿರಲಿಲ್ಲ.

ಮುಂದೆ ಇಂಥ ಪ್ರಯೋಗ ಮಾಡುವವರಲ್ಲಿ ನನ್ನ ಬೇಡಿಕೆ ಎರಡು. ಎಷ್ಟು ಕಿಲೋಮೀಟರಿಗೊಮ್ಮೆ, ಯಾವ ಕಾರಣಕ್ಕೆ ಚಾಲಕರು ಹಿಡಿತವನ್ನು ತಮ್ಮ ಕೈಗೆ ತೆಗೆದುಕೊಳ್ಳಬೇಕಾಯಿತು ಎಂಬ ಲೆಕ್ಕವನ್ನು ಬಸ್ಸಿನೊಳಗೇ, ಪ್ರಯಾಣಿಕರು ಓದುವಂತೆ, ತಿಂಗಳು ತಿಂಗಳೂ ತೂಗುಹಾಕಬೇಕು. ನಮ್ಮನ್ನು ಕೂರಿಸಿಕೊಂಡು ನಡೆಯುವ ಪರೀಕ್ಷೆಯ ಫಲಿತಾಂಶ ನಮಗೂ ತಿಳಿಯಬೇಕು. ಇನ್ನೊಂದು, ನಕ್ಷೆಯ ಮೇಲೆ ಮಾರ್ಗ ಎಳೆಯುವ ಮುಂಚೆ, ಬಸ್ಸಿಲ್ಲದ ಕಾರಣಕ್ಕೆ ಸಂಜೆಯ ಕೆಲಸ ಬಿಟ್ಟವರನ್ನು, ಆಸ್ಪತ್ರೆಗೆ ಹೋಗಲು ಮಕ್ಕಳ ಕಾರಿಗಾಗಿ ಕಾಯುವ ಮುದುಕರನ್ನು ಮೊದಲು ಮಾತಾಡಿಸಬೇಕು.

ಕೊನೆಯ ವಾರದಲ್ಲಿ ಒಂದು ಬೆಳಿಗ್ಗೆ ನಾನು ಫೆರಿಟೋಲ್‌ನಿಂದ ಮತ್ತೊಮ್ಮೆ ಹತ್ತಿದೆ. ಒಳಗೆ ಹತ್ತಕ್ಕಿಂತ ಕಡಿಮೆ ಜನ, ಅವರಲ್ಲೂ ಅರ್ಧದಷ್ಟು ಜನ ಕೊನೆಯ ಸಲ ನೋಡಿ ಹೋಗಲು ಕ್ಯಾಮೆರಾ ಹಿಡಿದು ಬಂದವರು. ಸೇತುವೆಯ ಮೇಲೆ ಗಾಳಿ ಜೋರಾಗಿತ್ತು, ಸ್ಟೀರಿಂಗ್ ಸಣ್ಣಸಣ್ಣಗೆ ಎಡಕ್ಕೂ ಬಲಕ್ಕೂ ಹೊರಳಿ ಬಸ್ಸನ್ನು ಗೆರೆಯ ಮೇಲೆಯೇ ಇಟ್ಟಿತ್ತು. ನನ್ನ ಹಿಂದಿನ ಸೀಟಿನಲ್ಲಿ ಆಸ್ಪತ್ರೆಯ ಸಮವಸ್ತ್ರ ತೊಟ್ಟ ಹೆಂಗಸೊಬ್ಬರು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದರು. ಎಡಿನ್‌ಬರೋ ಪಾರ್ಕ್ ಬಂದಾಗ ಕ್ಯಾಪ್ಟನ್ ಅವರ ಭುಜ ಮುಟ್ಟಿ ಎಬ್ಬಿಸಿದರು.